ಗೋಲ್ ಹೊಡೆಯದವನಿಗೆ ಯಾಕಷ್ಟು ದುಡ್ಡು?

ಕೋಲಾರದ ಈ ಮೂಲೆಗೆ ಮಾಮೂಲಾಗಿ ಬರುವುದು ಕ್ರಿಕೆಟ್ ಪ್ರಶ್ನೆಗಳು. ಈ ತಿಂಗಳು ಅರ್ಧಕ್ಕೂ ಜಾಸ್ತಿ ಪತ್ರಗಳು ಫುಟ್‌ಬಾಲ್ ಬಗ್ಗೆ ಬಂದಿವೆ. ಅದರಲ್ಲೂ ಸ್ಟ್ರೈಕರ್ ಬಗ್ಗೆ ಅಲ್ಲ, ಗೋಲ್‌ಕೀಪರ್ ಬಗ್ಗೆಯೂ ಅಲ್ಲ. ಮೈದಾನದ ನಡುವೆ ಓಡಾಡಿಕೊಂಡು, ಹತ್ತು ಗಜದ ಪಾಸ್ ಕೊಟ್ಟುಕೊಂಡು, ರಾತ್ರಿ ಹೈಲೈಟ್ಸ್‌ನಲ್ಲಿ ಎಲ್ಲೂ ಕಾಣಿಸದೆ ಮನೆಗೆ ಹೋಗುತ್ತಾನಲ್ಲ, ಆ ಮಿಡ್‌ಫೀಲ್ಡರ್ ಬಗ್ಗೆ, ಅದರಲ್ಲೂ ಡಿಫೆಂಡರ್‌ಗಳ ಮುಂದೆ ನಿಂತು ನಡುವನ್ನು ಕಾಯುವವನ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅವನಿಗೇ. ಕ್ರಿಕೆಟ್‌ನವರು ಒಂದು ತಿಂಗಳು ಕಾಯಿರಿ, ಪ್ಲೀಸ್.

ಪ್ರಶ್ನೆ: ಸಾರ್, ನಾನು ಮ್ಯಾಂಚೆಸ್ಟರ್ ಸಿಟಿ ಫ್ಯಾನ್. 2024ರಲ್ಲಿ ನಮ್ಮ ಮಿಡ್‌ಫೀಲ್ಡರ್ ರೊಡ್ರಿಗೆ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಬಂದಾಗ ಹಾಸ್ಟೆಲ್‌ನಲ್ಲಿ ದೊಡ್ಡ ಗಲಾಟೆ ಆಯಿತು. ಸ್ಪೇನ್‌ನ ರಿಯಲ್ ಮ್ಯಾಡ್ರಿಡ್‌ನಲ್ಲಿ ಮುಂದೆ ಆಡುವ ವಿನಿಸಿಯಸ್‌ಗೆ ಬರಬೇಕಿತ್ತು ಅಂತ ರೂಮಿನವರೆಲ್ಲ ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ಆ ಜಗಳ ಇನ್ನೂ ನಿಂತಿಲ್ಲ. "ಅವನು ಏನು ಮಾಡ್ತಾನೆ ಹೇಳು ನೋಡೋಣ" ಅಂದರೆ ನನಗೆ ಮಾತೇ ಹೊರಡುವುದಿಲ್ಲ.
– ಡಿಗ್ರಿ ವಿದ್ಯಾರ್ಥಿ, ಮಾಲೂರು

ಉತ್ತರ: ಅವನು ಏನು ಮಾಡುತ್ತಾನೆ ಅಂತ ಹೇಳಲು ಹೋಗಬೇಡಿ, ಸೋಲುತ್ತೀರಿ. ಅವನು ಇಲ್ಲದಾಗ ಏನಾಯಿತು ಅಂತ ಹೇಳಿ.

2023–24ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಸಿಟಿ 38 ಮ್ಯಾಚ್ ಆಡಿ ಸೋತಿದ್ದು ಮೂರೇ ಮೂರು. ವುಲ್ವ್ಸ್, ಆರ್ಸೆನಲ್, ಆಸ್ಟನ್ ವಿಲ್ಲಾ. ಮೂರರಲ್ಲೂ ರೊಡ್ರಿ ಮೈದಾನದಲ್ಲಿ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಆಟಗಾರನ ಕುತ್ತಿಗೆಗೆ ಕೈ ಹಾಕಿ ರೆಡ್ ಕಾರ್ಡ್ ತಿಂದ, ಮೂರು ಮ್ಯಾಚ್ ಹೊರಗೆ ಕೂತ. ಆ ಮೂರನ್ನೂ ಸಿಟಿ ಸೋತಿತು: ಲೀಗ್ ಕಪ್‌ನಲ್ಲಿ ನ್ಯೂಕಾಸಲ್ ಎದುರು ಒಂದು, ಲೀಗ್‌ನಲ್ಲಿ ಎರಡು. ಡಿಸೆಂಬರ್‌ನಲ್ಲಿ ಯೆಲ್ಲೋ ಕಾರ್ಡ್ ಲೆಕ್ಕ ತುಂಬಿ ವಿಲ್ಲಾ ಮ್ಯಾಚ್ ತಪ್ಪಿತು, ಅದೂ ಸೋಲು. ಈಗ ಅವನು ಆಡಿದ ಮ್ಯಾಚ್‌ಗಳನ್ನು ನೋಡಿ. 2023ರ ಫೆಬ್ರವರಿಯಿಂದ ಹಿಡಿದು 2024ರ ಮೇ ತಿಂಗಳಲ್ಲಿ ಎಫ್‌ಎ ಕಪ್ ಫೈನಲ್ ಸೋಲುವ ತನಕ, ಸಿಟಿ ಪರ 74 ಮ್ಯಾಚ್ ಆಡಿದ, ಒಂದನ್ನೂ ಸೋಲಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು ಮೊಣಕಾಲಿನ ಲಿಗಮೆಂಟ್ ಹರಿಯಿತು. ಸತತ ನಾಲ್ಕು ವರ್ಷ ಲೀಗ್ ಗೆದ್ದಿದ್ದ ತಂಡ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಸಾಲಾಗಿ ಐದು ಮ್ಯಾಚ್ ಸೋತಿತು, ಸೀಸನ್ ಕೊನೆಗೆ ಲೀಗ್‌ನಲ್ಲಿ ಮೂರನೇ ಸ್ಥಾನ. ಎಲ್ಲ ಅವನೊಬ್ಬ ಇಲ್ಲದ್ದರಿಂದಲೇ ಅಂತ ನಾನು ಹೇಳುವುದಿಲ್ಲ, ಇನ್ನೂ ಕೆಲವರಿಗೆ ಗಾಯ ಆಗಿತ್ತು, ಕೆಲವರಿಗೆ ವಯಸ್ಸೂ ಆಗಿತ್ತು. ಆದರೆ ಆ ದಿನಗಳ ಮ್ಯಾಚ್ ನೋಡಿದವರಿಗೆ ಗೊತ್ತು, ಎದುರಾಳಿಗಳು ನಡುವಿನಿಂದ ಹೈವೇ ಮೇಲೆ ಬಂದ ಹಾಗೆ ಬರುತ್ತಿದ್ದರು. ಅವನು ಆ ಪ್ರಶಸ್ತಿ ತೆಗೆದುಕೊಳ್ಳಲು ಬಂದಿದ್ದೂ ಊರುಗೋಲು ಹಿಡಿದುಕೊಂಡೇ.

ಇನ್ನೊಂದು ತಮಾಷೆ ಹೇಳುತ್ತೇನೆ. ಯುರೋಪಿನ ದೊಡ್ಡ ಕ್ಲಬ್‌ಗಳು ಆಡುವ ಚಾಂಪಿಯನ್ಸ್ ಲೀಗ್‌ನ 2023ರ ಫೈನಲ್, ಇಸ್ತಾಂಬುಲ್‌ನಲ್ಲಿ, ಇಟಲಿಯ ಇಂಟರ್ ಎದುರು ಬಂದಿದ್ದು ಒಂದೇ ಗೋಲ್. ಹೊಡೆದವನು ರೊಡ್ರಿ. ಜನ ಅವನನ್ನು ನೆನಪಿಟ್ಟುಕೊಂಡಿರುವುದು ಅದಕ್ಕೆ! ಮನೆ ಕಟ್ಟಿದ ಗಾರೆ ಮೇಸ್ತ್ರಿಯನ್ನು ಗೃಹಪ್ರವೇಶದ ದಿನ ಒಂದು ಹಾಡು ಚೆನ್ನಾಗಿ ಹೇಳಿದ ಅಂತ ಹೊಗಳಿದ ಹಾಗಾಯಿತು.

ಪ್ರಶ್ನೆ: ಕಾಮೆಂಟ್ರಿಯವರು "ಮಕಲೆಲೆ ರೋಲ್" ಅಂತ ಪದೇ ಪದೇ ಹೇಳುತ್ತಾರಲ್ಲ, ಯಾರು ಅವನು? ಯೂಟ್ಯೂಬ್‌ನಲ್ಲಿ ಹುಡುಕಿದರೆ ನೆನಪಿಟ್ಟುಕೊಳ್ಳುವ ಗೋಲೂ ಇಲ್ಲ, ಏನೂ ಇಲ್ಲ.
– ಮೊಬೈಲ್ ಅಂಗಡಿಯವರು, ಚಿಂತಾಮಣಿ

ಉತ್ತರ: ಗೋಲ್ ಹುಡುಕಿದರೆ ಸಿಗುವ ಮನುಷ್ಯ ಅಲ್ಲ ಅವನು. ಕ್ಲೋಡ್ ಮಕಲೆಲೆ ಫ್ರಾನ್ಸ್ ಪರ ಆಡಿದವನು, 2000ದಿಂದ 2003ರವರೆಗೆ ರಿಯಲ್ ಮ್ಯಾಡ್ರಿಡ್‌ನಲ್ಲಿದ್ದ. ಆ ತಂಡದ ಉಳಿದವರ ಹೆಸರು ಕೇಳಿ: ಜಿದಾನ್, ಫಿಗೊ, ರೌಲ್, ಆಮೇಲೆ ಬ್ರೆಜಿಲ್‌ನ ರೊನಾಲ್ಡೊ. ಡಿಫೆಂಡರ್ ಅಂತ ಇದ್ದ ರೊಬೆರ್ಟೊ ಕಾರ್ಲೊಸ್ ಕೂಡ ಅರ್ಧ ಹೊತ್ತು ಎದುರಾಳಿ ಗೋಲ್ ಹತ್ತಿರವೇ. ಮದುವೆಗೆ ಮನೆಮಂದಿಯೆಲ್ಲ ಹೊರಟರೆ ಮನೆ ಕಾಯುವವರು ಒಬ್ಬರು ಬೇಕಲ್ವಾ? ಅವನೇ ಮಕಲೆಲೆ. ಇವರೆಲ್ಲ ಮುಂದೆ ಹೋಗಿ ಬಾಲ್ ಕಳೆದುಕೊಂಡಾಗ, ಎದುರಾಳಿ ತಿರುಗಿ ಓಡಿ ಬರುವ ದಾರಿಯಲ್ಲಿ ಮೊದಲು ಸಿಗುತ್ತಿದ್ದವನು ಅವನು. ಅವನಿದ್ದಾಗ ರಿಯಲ್ ಎರಡು ಲೀಗ್, ಒಂದು ಚಾಂಪಿಯನ್ಸ್ ಲೀಗ್ ಗೆದ್ದಿತು.

ಸಂಬಳ ಮಾತ್ರ ಆ ಸ್ಟಾರ್‌ಗಳ ಹತ್ತಿರಕ್ಕೂ ಇರಲಿಲ್ಲ. ಜಾಸ್ತಿ ಮಾಡಿ ಅಂತ ಕೇಳಿದ. ಕ್ಲಬ್ ಒಪ್ಪಲಿಲ್ಲ. 2003ರ ಬೇಸಿಗೆಯಲ್ಲಿ ಬೆಕಮ್ ಒಳಗೆ ಬಂದ, ಮಕಲೆಲೆ ಇಂಗ್ಲೆಂಡಿನ ಚೆಲ್ಸಿಗೆ ಹೋದ. ಅವನು ಹೋದರೆ ನಷ್ಟ ಏನೂ ಇಲ್ಲ, ಅವನ ಪಾಸ್ ಎಲ್ಲ ಪಕ್ಕಕ್ಕೆ ಇಲ್ಲ ಹಿಂದಕ್ಕೆ ಅನ್ನುವ ಅರ್ಥದಲ್ಲಿ ಕ್ಲಬ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಜ್ ಮಾತಾಡಿದರು. ಜಿದಾನ್ ಹೇಳಿದ್ದು ಬೇರೆ: ಕಾರಿನ ಎಂಜಿನ್ನೇ ಹೋಗುತ್ತಿರುವಾಗ ಮೇಲೆ ಇನ್ನೊಂದು ಕೋಟ್ ಚಿನ್ನದ ಬಣ್ಣ ಯಾಕೆ ಅಂತ. ಮುಂದೇನಾಯಿತು? 2003–04ರಲ್ಲಿ ರಿಯಲ್ ಲೀಗ್‌ನ ಕೊನೆಯ ಐದು ಮ್ಯಾಚ್ ಸಾಲಾಗಿ ಸೋತು ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮತ್ತೆ ಲೀಗ್ ಗೆಲ್ಲಲು 2007ರವರೆಗೆ ಕಾಯಬೇಕಾಯಿತು. ಆ ಕಡೆ ಚೆಲ್ಸಿ 2004–05ರಲ್ಲಿ ಚಾಂಪಿಯನ್, 38 ಮ್ಯಾಚ್‌ಗೆ ಬಿಟ್ಟುಕೊಟ್ಟ ಗೋಲ್ 15. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ಈ "ಪಕ್ಕಕ್ಕೆ ಪಾಸ್" ಅನ್ನುವ ಬೈಗುಳದ ಬಗ್ಗೆ ಒಂದು ಮಾತು. ಬಲಗಡೆ ಮೂರು ಜನ ಮುಚ್ಚಿಕೊಂಡು ನಿಂತಿದ್ದಾರೆ ಅಂದುಕೊಳ್ಳಿ. ಅಲ್ಲೇ ನುಗ್ಗಿದರೆ ಬಾಲ್ ಹೋಗುತ್ತದೆ. ಹಿಂದಕ್ಕೆ ಕೊಟ್ಟು, ಅಲ್ಲಿಂದ ಎಡಕ್ಕೆ ಕೊಟ್ಟರೆ ಆ ಮೂರು ಜನವೂ ಈ ಕಡೆ ಓಡಿ ಬರಬೇಕು. ಹೀಗೆ ಹತ್ತು ಸಲ ಓಡಿಸಿದರೆ ಹನ್ನೊಂದನೇ ಸಲ ಒಬ್ಬ ತಡವಾಗಿ ಬರುತ್ತಾನೆ. ಆ ಸಂದಿಯಲ್ಲಿ ಜಿದಾನ್ ನುಗ್ಗುತ್ತಾನೆ, ಫೋಟೋ ಅವನದು ಬರುತ್ತದೆ.

ನಮ್ಮ ಕೋಲಾರದ ಟೊಮೆಟೊ ಮಂಡಿಗೆ ಸೀಸನ್‌ನಲ್ಲಿ ಒಂದು ಬೆಳಿಗ್ಗೆ ಬನ್ನಿ. ಜನ ಸೇರುವುದು ಹರಾಜು ಕೂಗುವವನ ಸುತ್ತ. ಅವನ ಕಂಠ, ಅವನ ಕೈಸನ್ನೆ, ರೇಟು ಏರಿದಾಗ ಆಗುವ ಗದ್ದಲ, ಎಲ್ಲ ಸಿನಿಮಾ ಇದ್ದ ಹಾಗೆ. ಸ್ವಲ್ಪ ಆಚೆ, ರಾಶಿಯ ಮುಂದೆ ಹೆಂಗಸರು ಕೂತು ಕಾಯಿ, ದೋರೆಗಾಯಿ, ಹಣ್ಣು ಅಂತ ಬೇರೆ ಬೇರೆ ಮಾಡುತ್ತಿರುತ್ತಾರೆ. ನಾನು ಒಂದು ಸಲ ನಿಂತು ನೋಡಿದೆ. ಆಯಮ್ಮ ಪಕ್ಕದವಳ ಜೊತೆ ಮಗಳ ಬಾಣಂತನದ ಮಾತಾಡುತ್ತಿದ್ದಳು, ಕಣ್ಣು ಕೂಡ ರಾಶಿಯ ಮೇಲೆ ಇರಲಿಲ್ಲ. ಹೆಬ್ಬೆರಳು ಒಂದು ಹಣ್ಣಿನ ತೊಟ್ಟಿನ ಹತ್ತಿರ ನಿಂತಿತು, ಒತ್ತಿತು, ಹಣ್ಣು ಪಕ್ಕಕ್ಕೆ ಹೋಯಿತು. ಎತ್ತಿ ನೋಡಿದೆ, ಕೂದಲೆಳೆಯಷ್ಟು ಬಿರುಕು. ಅದು 15 ಕೆಜಿ ಬಾಕ್ಸ್ ಒಳಗೆ ಹೋಗಿ ಲಾರಿ ಹತ್ತಿ ದೆಹಲಿ ಕಡೆ ಹೊರಟಿದ್ದರೆ ದಾರಿಯಲ್ಲೇ ಬಾಕ್ಸ್ ಪೂರ್ತಿ ನೀರು. ಆದರೆ ಹೋಗಲಿಲ್ಲ. ಕೊಳೆಯದೇ ಉಳಿದ ಬಾಕ್ಸ್ ಬಗ್ಗೆ ಯಾರು ಮಾತಾಡುತ್ತಾರೆ, ಹೇಳಿ? ಮಕಲೆಲೆ ವಿಡಿಯೋ ಯೂಟ್ಯೂಬ್‌ನಲ್ಲಿ ಸಿಗದೇ ಇರುವುದೂ ಇದೇ ಕಾರಣಕ್ಕೆ. ಆಗದೇ ಇದ್ದ ಗೋಲ್‌ನ ವಿಡಿಯೋ ಹಾಕುವುದು ಹೇಗೆ?

ಈ ಕಥೆಗೆ ಒಂದು ಬಾಲ ಇದೆ, ನನಗೆ ತುಂಬಾ ಇಷ್ಟ ಅದು. 2015ರ ನವೆಂಬರ್‌ನಲ್ಲಿ ರಿಯಲ್ ಮತ್ತೆ ಅದೇ ತಪ್ಪು ಮಾಡಿತು. ಬಾರ್ಸಿಲೋನಾ ಎದುರು ಸ್ವಂತ ಮೈದಾನದಲ್ಲಿ ಸ್ಟಾರ್‌ಗಳನ್ನೆಲ್ಲ ಇಳಿಸಿ, ಮಕಲೆಲೆ ಜಾಗದಲ್ಲೇ ಆಡುತ್ತಿದ್ದ ಕಾಸೆಮಿರೊನನ್ನು ಬೆಂಚ್ ಮೇಲೆ ಕೂರಿಸಿ, 0–4 ಸೋತಿತು. ಎರಡು ತಿಂಗಳೊಳಗೆ ಹೊಸ ಕೋಚ್ ಬಂದ. ಯಾರು? ಜಿದಾನ್! ಸ್ವಲ್ಪ ದಿನದಲ್ಲೇ ಕಾಸೆಮಿರೊಗೆ ಖಾಯಂ ಜಾಗ ಕೊಟ್ಟ. 2016, 2017, 2018, ಮೂರು ವರ್ಷ ಚಾಂಪಿಯನ್ಸ್ ಲೀಗ್ ಮ್ಯಾಡ್ರಿಡ್‌ಗೇ ಹೋಯಿತು.

ಪ್ರಶ್ನೆ: ಮಿಡ್‌ಫೀಲ್ಡರ್ ಅಂದರೆ ಫುಟ್‌ಬಾಲ್‌ನ ರಾಹುಲ್ ದ್ರಾವಿಡ್ ಅಲ್ವಾ?
– ಗೌರಿಬಿದನೂರಿನಿಂದ ಒಬ್ಬರು

ಉತ್ತರ: ಎಲ್ಲರೂ ಇದನ್ನೇ ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ದ್ರಾವಿಡ್ ಟೆಸ್ಟ್‌ನಲ್ಲಿ 13,288 ರನ್ ಹೊಡೆದವರು, ಸ್ಕೋರ್‌ಬೋರ್ಡ್ ಮೇಲೆ ದಿನಪೂರ್ತಿ ಹೆಸರು ಇರುತ್ತಿತ್ತು. ಬೇಕಾದರೆ ಬಾಪು ನಾಡಕರ್ಣಿ ಅನ್ನಿ. 1964ರಲ್ಲಿ ಮದ್ರಾಸ್‌ನಲ್ಲಿ ಇಂಗ್ಲೆಂಡ್ ಎದುರು ಸತತ 21 ಮೇಡನ್ ಓವರ್, 32 ಓವರ್‌ಗೆ ಕೊಟ್ಟಿದ್ದು 5 ರನ್, ವಿಕೆಟ್ ಸೊನ್ನೆ. ಆದರೂ ನೋಡಿ, ಕ್ರಿಕೆಟ್ ಅದನ್ನು ಬರೆದಿಟ್ಟುಕೊಂಡಿತು, ಅರವತ್ತು ವರ್ಷದ ಮೇಲೆ ನಾನು ಇಲ್ಲಿ ಹೇಳುತ್ತಿದ್ದೇನೆ. ಫುಟ್‌ಬಾಲ್‌ನಲ್ಲಿ ಅದನ್ನೆಲ್ಲ ಬರೆಯುವ ಕಾಲಂ ಕೂಡ ಮೊನ್ನೆ ಮೊನ್ನೆವರೆಗೆ ಇರಲಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ, ಸ್ಕೂಲ್ ಟೀಮ್‌ನಲ್ಲಿ ನಡುವೆ ಆಡುತ್ತಾನೆ. ನೆಂಟರು ಬಂದರೆ "ಎಷ್ಟು ಗೋಲ್ ಹೊಡೆದೆ ಪುಟ್ಟಾ" ಅಂತಲೇ ಕೇಳುತ್ತಾರೆ. ಇವನು ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಾನೆ. ಅವನ ಮಾಸ್ಟರ್ ಮಾತ್ರ ಒಂದು ಮ್ಯಾಚಿಗೂ ಅವನನ್ನು ಬಿಟ್ಟಿಲ್ಲ. ನನಗೆ ಆಟ ಗೊತ್ತಿಲ್ಲ. ನಾನು ಅವನಿಗೆ ಏನು ಹೇಳಲಿ?
– ಒಬ್ಬ ತಾಯಿ, ಕೋಲಾರ

ಉತ್ತರ: ಅಮ್ಮಾ, ಮಾಸ್ಟರ್ ಒಂದು ಮ್ಯಾಚಿಗೂ ಬಿಟ್ಟಿಲ್ಲ ಅಂದಿರಲ್ಲ, ಅದನ್ನೇ ಹೇಳಿ ನೆಂಟರಿಗೆ. ಮಗನಿಗೆ ಮಾತ್ರ ಪ್ರಶ್ನೆ ಬದಲಾಯಿಸಿ ಕೇಳಿ. "ಇವತ್ತು ಯಾರನ್ನ ತಡೆದೆ? ಅವನು ಹೇಗೆ ಆಡ್ತಾನೆ?" ಅಂತ. ಅರ್ಧ ಗಂಟೆ ಬಾಯಿ ಮುಚ್ಚುವುದಿಲ್ಲ ನೋಡಿ. ಈ ಜಾಗದಲ್ಲಿ ಆಡುವ ಹುಡುಗರು ಬೇರೆಯವರ ಆಟವನ್ನು ಓದುತ್ತಾರೆ. ಅದನ್ನು ಅವರ ಹತ್ತಿರ ಯಾರೂ ಕೇಳಿರುವುದಿಲ್ಲ, ಅಷ್ಟೇ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಪೆಟ್ಟು ತಿಂದು ಹೇಳುತ್ತಿದ್ದೇನೆ. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕೆಜಿಎಫ್‌ನಲ್ಲಿ ಒಂದು ಸೆವೆನ್ಸ್ ಟೂರ್ನಮೆಂಟ್, ಅಂದರೆ ಏಳೇಳು ಜನ ಆಡುವುದು, ಕೆಂಪು ಮಣ್ಣಿನ ಗ್ರೌಂಡು, ಆಚೆ ಸೈನೈಡ್ ದಿಬ್ಬಗಳು, ಗಾಳಿ ಬೀಸಿದರೆ ಕಣ್ಣು ತುಂಬ ಧೂಳು. ನಾನು ಕ್ಯಾಪ್ಟನ್. ನಮ್ಮಲ್ಲಿ ಸೈಕಲ್ ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಮಾತು ಕಮ್ಮಿ. ಕ್ಯಾನ್ವಾಸ್ ಶೂ ಬಾಯಿ ಬಿಟ್ಟಿತ್ತು, ಮೇಲಿಂದ ಟ್ವೈನ್ ದಾರ ಸುತ್ತಿ ಕಟ್ಟಿಕೊಂಡು ಆಡುತ್ತಿದ್ದ. ಎರಡು ಮ್ಯಾಚ್ ಅವನು ನಡುವೆ ಆಡಿದ, ಎರಡೂ ಗೆದ್ದೆವು, ಅವನು ಏನು ಮಾಡಿದ ಅಂತ ನನಗೆ ಹೊಳೆಯಲೇ ಇಲ್ಲ. ಸೆಮಿಫೈನಲ್ ದಿನ ಬೆಂಗಳೂರಿನಿಂದ ನಮ್ಮ ಚಿಕ್ಕಪ್ಪನ ಮಗ ಬಂದಿದ್ದ, ಹೊಸ ಸ್ಟಡ್ಸ್, ಕಾಲಲ್ಲಿ ಬಾಲ್ ಆಡಿಸಿ ತೋರಿಸಿದ. ನಾನು ಸೈಕಲ್ ಶಾಪ್ ಹುಡುಗನನ್ನು ಕೂರಿಸಿ ಇವನನ್ನು ಇಳಿಸಿದೆ.

ಹಾಫ್‌ಟೈಮ್‌ಗೆ 4–0. ನಾಲ್ಕೂ ನಡುವಿನಿಂದಲೇ ಬಂದಿದ್ದು. ನಾವೆಲ್ಲ ಒಬ್ಬರ ಮೇಲೊಬ್ಬರು ಕಿರುಚಾಡುತ್ತಿದ್ದಾಗ ಆ ಹುಡುಗ ನೀರಿನ ಬಾಟಲಿ ಕೊಡುತ್ತಾ ಮೆಲ್ಲಗೆ ಹೇಳಿದ, "ಅಣ್ಣಾ, ಅವರ ಉದ್ದನೆಯವನು ಎಡಗಾಲಲ್ಲಿ ಒದೆಯೋದೇ ಇಲ್ಲ. ಬಲಗಡೆ ಮುಚ್ಚಿದ್ರೆ ಸಾಕು." ಅಷ್ಟು ಹೊತ್ತು ಬಿಸಿಲಲ್ಲಿ ಕೂತು ಅವನು ಅದನ್ನು ನೋಡಿದ್ದಾನೆ! ಇಳಿಸಿದೆ. ಎರಡನೇ ಅರ್ಧದಲ್ಲಿ ಅವನು ಒಂದು ಸಲ ಕೂಡ ನೆಲಕ್ಕೆ ಬೀಳಲಿಲ್ಲ, ಕಾಲು ಹಾಕಿ ಬಾಲ್ ಕೀಳುವ ಟ್ಯಾಕಲ್ ಒಂದನ್ನು ಮಾಡಿದ್ದು ಕೂಡ ನನಗೆ ನೆನಪಿಲ್ಲ. ಆ ಉದ್ದನೆಯವನ ಬಲಗಡೆ ಎರಡು ಹೆಜ್ಜೆ ಬಿಟ್ಟು ನಿಂತ, ಅವನು ಸರಿದರೆ ಇವನೂ ಸರಿದ. ಆಮೇಲೆ ಅವರಿಗೆ ಒಂದು ಗೋಲೂ ಸಿಗಲಿಲ್ಲ, ನಾವು ಒಂದು ಹೊಡೆದೆವು. 4–1 ಸೋತೆವು. ಬಸ್ಸಿನಲ್ಲಿ ವಾಪಸ್ ಬರುವಾಗ ಅವನು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡಬೇಕಿತ್ತು.

ಪ್ರಶ್ನೆ: ನಾನು ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವನು. ನಮ್ಮ ಕಾಲದಲ್ಲಿ ಮಿಡ್‌ಫೀಲ್ಡರ್ ಅನ್ನುವ ಮಾತೇ ಇರಲಿಲ್ಲ. ರೈಟ್ ಹಾಫ್, ಸೆಂಟರ್ ಹಾಫ್, ಲೆಫ್ಟ್ ಹಾಫ್ ಅನ್ನುತ್ತಿದ್ದೆವು. ಆ ಹಾಫ್‌ಗಳೇನಾ ಇವರು?
– ನಿವೃತ್ತ ಗಣಿ ಕಾರ್ಮಿಕರು, ಕೆಜಿಎಫ್

ಉತ್ತರ: ಹೌದು ಯಜಮಾನರೇ, ಅವರ ಮೊಮ್ಮಕ್ಕಳು ಅನ್ನಬಹುದು. ಹಿಂದೆ 2–3–5 ಅಂತ ಆಡುತ್ತಿದ್ದರಲ್ಲ, ಹಿಂದೆ ಇಬ್ಬರು, ನಡುವೆ ಮೂರು ಹಾಫ್, ಮುಂದೆ ಐದು ಜನ. ಆಮೇಲೆ ಸೆಂಟರ್ ಹಾಫ್ ಹಿಂದಕ್ಕೆ ಸರಿದು ಡಿಫೆಂಡರ್ ಆದ, ಹೆಸರು ಮಾತ್ರ ಹಾಗೇ ಉಳಿಯಿತು. ಪಕ್ಕದ ಇಬ್ಬರು ಹಾಫ್‌ಗಳು ನಡುವಿನ ಕೆಲಸ ಹಿಡಿದರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಚಿನ್ನ ನಿಮಗೆ ನೆನಪಿರಬೇಕು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2–1. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಹೆಸರು ಎಲ್ಲರಿಗೂ ಗೊತ್ತು. ಅವರ ಹಿಂದೆ ಹಾಫ್ ಆಗಿ ಆಡಿದ ಗೋವಾದ ಫೋರ್ಚುನಾಟೊ ಫ್ರಾಂಕೊ ಅವರನ್ನು ಎಷ್ಟು ಜನ ಬಲ್ಲರು? ಅವರು 2021ರಲ್ಲಿ ತೀರಿಕೊಂಡಾಗ ತುಂಬ ಜನ ಆ ಹೆಸರು ಕೇಳಿದ್ದೇ ಮೊದಲ ಸಲ ಇರಬೇಕು.

ನಿಮಗೆ ನಾನು ಇದನ್ನೆಲ್ಲ ಬಿಡಿಸಿ ಹೇಳಬೇಕಾ? ಮೂರು ಕಿಲೋಮೀಟರ್‌ಗೂ ಆಳದ ಗಣಿ, ಕೇಜ್ ತುಂಬ ಜನ, ಮೇಲೆ ಎಂಜಿನ್ ರೂಮ್‌ನಲ್ಲಿ ಗಂಟೆಯ ಸದ್ದಿಗೆ ಕಿವಿ ಕೊಟ್ಟು ಬ್ರೇಕ್ ಹಿಡಿದು ಕೂತ ನೀವು. 2001ರಲ್ಲಿ ಗಣಿ ಮುಚ್ಚುವವರೆಗೂ ಚಿನ್ನ ತೆಗೆದವರ ಕಥೆ ಎಲ್ಲರೂ ಬರೆದರು. ಕೇಜ್ ಸರಿಯಾಗಿ ಮೇಲೆ ಬಂತು ಅಂತ ಯಾರಾದರೂ ಬರೆದಿದ್ದು ನಾನು ನೋಡಿಲ್ಲ.

ಪ್ರಶ್ನೆ: ಈ ಮಿಡ್‌ಫೀಲ್ಡರ್‌ಗಳನ್ನು ಕ್ಲಬ್‌ಗಳು ಕೊಳ್ಳುವ ರೇಟು ಈಗ ಯಾಕೆ ಹೀಗೆ ಏರಿದೆ?
– ರೇಷ್ಮೆ ವ್ಯಾಪಾರಿ, ಶಿಡ್ಲಘಟ್ಟ

ಉತ್ತರ: ಗೂಡಿನ ರೇಟು ನೋಡುವವರಿಗೆ ಬೇಗ ಅರ್ಥ ಆಗುತ್ತದೆ. 2003ರಲ್ಲಿ ಚೆಲ್ಸಿ ಮಕಲೆಲೆಗೆ ಕೊಟ್ಟಿದ್ದು ಸುಮಾರು 1.6 ಕೋಟಿ ಪೌಂಡ್. ಇಪ್ಪತ್ತು ವರ್ಷ ಬಿಟ್ಟು, 2023ರಲ್ಲಿ, ಅದೇ ಚೆಲ್ಸಿ ಅದೇ ಜಾಗಕ್ಕೆ ಮೊಯ್ಸೆಸ್ ಕೈಸೆಡೊನನ್ನು ತಂದಿತು: ಮೊದಲಿಗೆ 10 ಕೋಟಿ, ಷರತ್ತುಗಳೆಲ್ಲ ಸೇರಿದರೆ 11.5 ಕೋಟಿ ಪೌಂಡ್. ಅದೇ ಬೇಸಿಗೆಯಲ್ಲಿ ಆರ್ಸೆನಲ್ ಡೆಕ್ಲನ್ ರೈಸ್‌ಗೆ ಸುಮಾರು 10.5 ಕೋಟಿ. ಈಗ ಎಲ್ಲ ತಂಡಗಳೂ ಡಿಫೆಂಡರ್‌ಗಳನ್ನು ಕೂಡ ಮೇಲಕ್ಕೆ ಕಳಿಸಿ ಆಡುತ್ತವೆ, ಹಿಂದೆ ಅರ್ಧ ಮೈದಾನ ಖಾಲಿ. ಅದನ್ನು ಒಬ್ಬನೇ ಕಾಯಬೇಕು, ಮೇಲಿಂದ ಬಾಲ್ ಕೂಡ ಕಳೆದುಕೊಳ್ಳಬಾರದು. ಅಂಥವರು ಕಮ್ಮಿ, ಬೇಕು ಅನ್ನುವವರು ಜಾಸ್ತಿ. ಬಾಲ್ ಕಿತ್ತಿದ್ದು ಎಷ್ಟು, ದಾರಿಯಲ್ಲಿ ತಡೆದಿದ್ದು ಎಷ್ಟು ಅಂತ ಕಂಪ್ಯೂಟರ್ ಲೆಕ್ಕ ಇಡಲು ಶುರು ಮಾಡಿದ್ದೂ ಒಂದು ಕಾರಣ.

ಲೆಕ್ಕ ಮೊದಲು ನೋಡಿದವರಿಗೆ ಸಸ್ತಾ ಸಿಕ್ಕಿದ್ದೂ ಉಂಟು. ಫ್ರಾನ್ಸ್‌ನ ಕೆಳಗಿನ ಲೀಗ್‌ಗಳಲ್ಲಿ ಆಡಿ ಮೇಲೆ ಬಂದ ಎನ್‌ಗೊಲೊ ಕಾಂಟೆಯನ್ನು ಲೆಸ್ಟರ್ 2015ರಲ್ಲಿ 56 ಲಕ್ಷ ಪೌಂಡ್‌ಗೆ ಕೊಂಡಿತು. ಮರುವರ್ಷ ಲೆಸ್ಟರ್ ಚಾಂಪಿಯನ್, ಬಾಜಿಯವರು ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದ ತಂಡ. ಆ ಬೇಸಿಗೆಯಲ್ಲೇ ಚೆಲ್ಸಿ ಅವನನ್ನು ಸುಮಾರು 3.2 ಕೋಟಿಗೆ ಒಯ್ದಿತು, 2017ರಲ್ಲಿ ಚೆಲ್ಸಿ ಚಾಂಪಿಯನ್. ಆಗಲೂ ಅವನು ಓಡಿಸುತ್ತಿದ್ದುದು ಒಂದು ಸಣ್ಣ ಮಿನಿ ಕೂಪರ್ ಕಾರು.

ಪ್ರಶ್ನೆ: ಇದೆಲ್ಲ ಸುಮ್ನೆ ಬಿಲ್ಡಪ್ ಸಾರ್. ಗೋಲ್ ಹೊಡೆದವನೇ ಹೀರೋ. ಉಳಿದವರೆಲ್ಲ ಲೆಕ್ಕಕ್ಕೆ.
– ಹೆಸರು ಬೇಡ ಅಂದವರು, ಮುಳಬಾಗಿಲು

ಉತ್ತರ: ಅರ್ಧ ಒಪ್ಪುತ್ತೇನೆ. ಗೋಲ್ ಹೊಡೆಯುವವನು ಇಲ್ಲದೆ ಹತ್ತು ಜನ ಕಾಂಟೆಯರನ್ನು ಇಳಿಸಿದರೆ 0–0 ಆಗುತ್ತದೆ, ಜನ ಎದ್ದು ಹೋಗುತ್ತಾರೆ. ಇನ್ನೊಂದು ನಿಜ ಏನಂದರೆ, ಮಂಕಾಗಿ ಆಡುವವರೆಲ್ಲ ಮಕಲೆಲೆ ಅಲ್ಲ. ಕೆಲವರು ನಿಜಕ್ಕೂ ಮಂಕು. ಇತ್ತೀಚೆಗೆ ಆನ್‌ಲೈನ್‌ನಲ್ಲಿ ಒಂದು ಫ್ಯಾಷನ್ ಆಗಿದೆ, ಯಾರಿಗೂ ಗೊತ್ತಿಲ್ಲದ ಆಟಗಾರನ ಹೆಸರು ಹೇಳಿ "ಇವನೇ ತಂಡದ ಬೆನ್ನೆಲುಬು" ಅಂದರೆ ಆಟ ತಿಳಿದವನ ಹಾಗೆ ಕಾಣಬಹುದು. ನಾನೂ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಕಾಂಟೆಗೂ ಕೆಟ್ಟ ದಿನ ಇತ್ತು. 2018ರ ವಿಶ್ವಕಪ್ ಫೈನಲ್‌ನಲ್ಲಿ 27ನೇ ನಿಮಿಷಕ್ಕೆ ಯೆಲ್ಲೋ ಕಾರ್ಡ್, 55ನೇ ನಿಮಿಷಕ್ಕೆ ಕೋಚ್ ಹೊರಗೆ ಕರೆದರು, ಫ್ರಾನ್ಸ್ ಅವನಿಲ್ಲದೆಯೇ 4–2 ಗೆದ್ದಿತು. ಆದರೆ ಆ ಫೈನಲ್‌ವರೆಗೆ ಅವರನ್ನು ಕರೆತಂದವರಲ್ಲಿ ಅವನಿದ್ದ. ಮೂರು ವರ್ಷ ಬಿಟ್ಟು, ಚೆಲ್ಸಿ ಗೆದ್ದ 2021ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾನ್ ಆಫ್ ದಿ ಮ್ಯಾಚ್ ಅವನೇ, ಆ ದಿನ ಗೋಲ್ ಹೊಡೆದಿದ್ದು ಹಾವೆರ್ಟ್ಸ್. ಗೋಲ್ ಹೊಡೆದವನನ್ನು ಬಿಟ್ಟು ಇವನಿಗೆ ಕೊಟ್ಟರು ನೋಡಿ.

ಮುಳಬಾಗಿಲು ದೋಸೆಗೆ ಹೆಸರು ತಂದಿದ್ದು ತುಪ್ಪ ಅನ್ನುವವರೂ ಇದ್ದಾರೆ, ಹಿಟ್ಟು ರುಬ್ಬಿದವರನ್ನು ಕೇಳಿ ನೋಡಿ.

ಪ್ರಶ್ನೆ: ಟಿವಿಯಲ್ಲಿ ಇವರನ್ನು ನೋಡುವುದು ಹೇಗೆ? ನನಗೆ ಬಾಲ್ ಬಿಟ್ಟು ಬೇರೇನೂ ಕಾಣುವುದಿಲ್ಲ.
– ಮಾವಿನ ತೋಟದವರು, ಶ್ರೀನಿವಾಸಪುರ

ಉತ್ತರ: ತಪ್ಪು ನಿಮ್ಮದಲ್ಲ, ಕ್ಯಾಮೆರಾದ್ದು. ಅದು ಬಾಲ್ ಹಿಂದೆಯೇ ಹೋಗುತ್ತದೆ. ಬಾರ್ಸಿಲೋನಾದ ನಡುವೆ ಆಡುತ್ತಿದ್ದ ಬುಸ್ಕೆಟ್ಸ್ ಬಗ್ಗೆ ಆಗಿನ ಸ್ಪೇನ್ ಕೋಚ್ ಡೆಲ್ ಬೊಸ್ಕೆ ಹೇಳಿದ್ದು ಅಂತ ಒಂದು ಮಾತಿದೆ: ಆಟ ನೋಡಿದರೆ ಅವನು ಕಾಣುವುದಿಲ್ಲ, ಅವನನ್ನು ನೋಡಿದರೆ ಪೂರ್ತಿ ಆಟ ಕಾಣುತ್ತದೆ ಅಂತ. ಹತ್ತು ನಿಮಿಷ ಮಾತ್ರ ಹಾಗೆ ನೋಡಿ, ಜಾಸ್ತಿ ಬೇಡ, ಬೋರ್ ಆಗುತ್ತದೆ.

ಬಾಲ್ ಅವನ ಹತ್ತಿರ ಬರುವ ಮೊದಲು ಅವನ ಕತ್ತು ನೋಡಿ. ಒಳ್ಳೆಯವನು ಎರಡು ಮೂರು ಸಲ ಹಿಂದೆ ತಿರುಗಿ ನೋಡಿರುತ್ತಾನೆ, ರಸ್ತೆ ದಾಟುವ ಅಜ್ಜಿ ನೋಡುವ ಹಾಗೆ. ಹಾಗಾಗಿ ಬಾಲ್ ಕಾಲಿಗೆ ತಾಗುವಾಗ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿರುತ್ತದೆ. ಆಮೇಲೆ, ನಿಮ್ಮ ತಂಡದ ಪಕ್ಕದ ಡಿಫೆಂಡರ್ ಮುಂದೆ ಓಡಿದಾಗ ಇವನು ಎಲ್ಲಿ ಸರಿಯುತ್ತಾನೆ ನೋಡಿ, ಬಿಟ್ಟುಹೋದ ಜಾಗದ ಕಡೆಗೇ. ಬಾಲ್ ಕಳೆದುಕೊಂಡ ಮೊದಲ ನಾಲ್ಕೈದು ಸೆಕೆಂಡ್ ಬಹಳ ಮುಖ್ಯ. ಕೆಲವೊಮ್ಮೆ ಬೇಕೆಂದೇ ಸಣ್ಣ ಫೌಲ್ ಮಾಡಿ, ಯೆಲ್ಲೋ ಕಾರ್ಡ್ ತೆಗೆದುಕೊಂಡು, ಸುಮ್ಮನೆ ನಡೆದುಕೊಂಡು ಹೋಗುತ್ತಾನೆ. ಅದು ಸರಿಯಾ ತಪ್ಪಾ ಅಂತ ನೀವೇ ತೀರ್ಮಾನಿಸಿ, ನನಗೆ ಇಷ್ಟ ಇಲ್ಲ, ಆದರೆ ಕೆಲಸ ಮಾಡುತ್ತದೆ. ನೆಲದ ಮೇಲೆ ಜಾರಿಕೊಂಡು ಬರುವ ಟ್ಯಾಕಲ್‌ಗೆ ಮರುಳಾಗಬೇಡಿ. ಸ್ಪೇನ್‌ನ ಮಿಡ್‌ಫೀಲ್ಡರ್ ಆಗಿದ್ದ ಕ್ಸಾಬಿ ಅಲೊನ್ಸೊ ಇದನ್ನು ಚೆನ್ನಾಗಿ ಹೇಳಿದ್ದ, ಟ್ಯಾಕಲ್ ಅನ್ನುವುದು ಬೇರೆ ದಾರಿ ಇಲ್ಲದಾಗ ಮಾಡುವುದು, ಅದು ಕಲಿತು ಮೆರೆಯುವ ಗುಣ ಅಲ್ಲ ಅಂತ.

ಸಾಧ್ಯವಾದರೆ ಒಂದು ಸಲ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಿ, ಮೇಲಿನ ಸಾಲಿನಲ್ಲಿ ಕೂತು ನೋಡಿ. ಟಿವಿಯಲ್ಲಿ ಹತ್ತು ವರ್ಷ ನೋಡಿದ್ದು ಅಲ್ಲಿ ಅರ್ಧ ಗಂಟೆಯಲ್ಲಿ ಕಾಣುತ್ತದೆ.

ಪ್ರಶ್ನೆ: ಅಣ್ಣಾ, ನಾನು ವಿಂಗರ್, ಮೈದಾನದ ಅಂಚಿನಲ್ಲಿ ಮುಂದೆ ಓಡುವವನು. ಹೊಸ ಕೋಚ್ ಬಂದು ನಡುವೆ ಆಡು ಅಂತಾರೆ. ಫ್ರೆಂಡ್ಸ್ ಎಲ್ಲ ಡಿಮೋಷನ್ ಅಂತ ನಗ್ತಾರೆ. ಒಪ್ಪಿಕೊಳ್ಳಲಾ ಬೇಡ್ವಾ?
– ಪಿಯು ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ನಗಲಿ ಬಿಡು ತಮ್ಮಾ. ಫಿಫಾ ವಿಶ್ವಕಪ್‌ಗಳಲ್ಲಿ ಭಾರತಕ್ಕೆ ಮೊದಲ ಗೋಲ್ ಬಂದಿದ್ದು 2017ರಲ್ಲಿ, ದೆಹಲಿಯಲ್ಲಿ, 17 ವರ್ಷದೊಳಗಿನವರ ಟೂರ್ನಿಯಲ್ಲಿ, ಕೊಲಂಬಿಯಾ ಎದುರು. ಕಾರ್ನರ್‌ಗೆ ತಲೆ ಕೊಟ್ಟು ಹೊಡೆದವನು ಮಣಿಪುರದ ಜೀಕ್ಸನ್ ಸಿಂಗ್, ನಡುವೆ ನಿಂತು ಡಿಫೆಂಡ್ ಮಾಡುವ ಆಟಗಾರ. ಇಟಲಿಯ ಪಿರ್ಲೊ ಕೂಡ ಮೊದಲು ಮುಂದೆ ಆಡುತ್ತಿದ್ದವನೇ, ಹಿಂದಕ್ಕೆ ಸರಿದ ಮೇಲೆ ದೊಡ್ಡ ಹೆಸರಾದ.

ಹತ್ತು ಮ್ಯಾಚ್ ಒಪ್ಪಿಕೋ, ಆಮೇಲೆ ನೋಡು. ಮನೆ ಗೋಡೆಗೆ ಬಾಲ್ ಒದ್ದು ವಾಪಸ್ ಬರುವಷ್ಟರಲ್ಲಿ ಎರಡು ಭುಜದ ಮೇಲಿಂದಲೂ ಹಿಂದೆ ನೋಡುವ ಅಭ್ಯಾಸ ಮಾಡು, ದಿನಾ ಒಂದು ನೂರು ಸಲ. ಎಡಗಾಲಲ್ಲೂ ಒದೆ, ಇಲ್ಲದಿದ್ದರೆ ಎದುರಾಳಿ ಬೆಂಚ್ ಮೇಲೆ ಕೂತ ಯಾವನೋ ಒಬ್ಬ ಅದನ್ನು ನೋಡಿಬಿಡುತ್ತಾನೆ. ನಗುವ ಫ್ರೆಂಡ್ ಒಬ್ಬನಿಗೆ ಮೊಬೈಲ್ ಕೊಟ್ಟು, ಬಾಲ್ ಬಿಟ್ಟು ನಿನ್ನನ್ನು ಮಾತ್ರ ಪೂರ್ತಿ ಮ್ಯಾಚ್ ವಿಡಿಯೋ ಮಾಡು ಅಂತ ಹೇಳು. ಮನೆಗೆ ಬಂದು ಬಾಲ್ ನಿನ್ನ ಹತ್ತಿರ ಇಲ್ಲದ ಭಾಗವನ್ನಷ್ಟೇ ನೋಡು, ಎಲ್ಲಿ ಸುಮ್ನೆ ನಿಂತಿದ್ದೆ ಅಂತ ಎಣಿಸು. ಎಷ್ಟು ಸಲ ಅಂತ ನನಗೂ ಬರೆದು ಕಳಿಸು.